ಕೊಳಕೂರಿನ ಮಹಿಷ

ಜೇವರ್ಗಿ ಸುತ್ತಲಿನ ಊರುಗಳ ಗೋಡೆಗಳ ಮೇಲೆ ಸಿಮೆಂಟು, ಗೊಬ್ಬರದ ಜಾಹೀರಾತು ಬರೆದು ಬರೆದೇ ನನಗೆ ಸಾಕಾಗಿತ್ತು. ಹಾಗಾಗಿ ಕೊಳಕೂರಿನವರು ಭವಾನಿ ಗುಡಿಯ ಗೋಡೆಗೆ ಮಹಿಷನನ್ನು ಕೊಲ್ಲುವ ದೇವಿಯನ್ನು ಬರೆಯಲು ಕರೆದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಯಾಲೆಂಡರಿನ ದೇವಿಯರ ಕಾಲಡಿಯ ಕೋಣ ಯಾವಾಗಲೂ ಒಂದು ಬೂದು ಮೂಟೆ. ನನ್ನ ಕೋಣ ಉಸಿರಾಡಬೇಕು ಎಂದು ಹಟ ತೊಟ್ಟೆ.

ಆದರೆ ಊರಲ್ಲಿ ಕೋಣ ಇರಲಿಲ್ಲ. ಗುಡಿಯ ಎದುರು ಮನೆಯ ಮುದುಕಿಯ ಹತ್ತಿರ ಒಂದು ಎಮ್ಮೆ ಇತ್ತು. ಅದರ ಹಾಲು ಚಹಾದಂಗಡಿಗೆ ಹಾಕಿ ಅವಳು ಬದುಕುತ್ತಿದ್ದಳು. ಅದನ್ನೇ ನೋಡಿ ಬರೆದೆ. ಬೆನ್ನಿಗೆ ತಾಗುವ ಕೊಂಬು, ಹಣೆಯ ಬಿಳಿ ಚುಕ್ಕೆ, ಹರಿದ ಎಡಗಿವಿ, ಒಂದನ್ನೂ ಬಿಡಲಿಲ್ಲ. ತ್ರಿಶೂಲವನ್ನು ಕುತ್ತಿಗೆಗೆ ಇಳಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪದ್ಧತಿಯಂತೆ ಎಲ್ಲ ಮುಗಿದ ಮೇಲೆ ದೇವಿಯ ಕಣ್ಣು ತೆರೆಸಿದೆ. ಅವತ್ತೇ ಸಂಜೆ ಎಮ್ಮೆ ಹಾಲು ಕೊಡಲಿಲ್ಲ.

ಮುದುಕಿ ಗುಡಿಗೆ ಬಂದಳು. "ತಮ್ಮಾ, ನನ್ನ ಎಮ್ಮಿ ಏನ್ ತಪ್ಪು ಮಾಡ್ಯಾದ? ತಾಯಿ ಕೈಲೆ ಯಾಕ ಚುಚ್ಚಸ್ಲಾಕತ್ತಿ?"

"ಆಯಿ, ಇದು ರಾಕ್ಷಸ."

"ರಾಕ್ಷಸನ ಕಿವಿ ನಮ್ಮ ಹಿತ್ತಲ ಮುಳ್ಳಬೇಲಿಗಿ ಹರೀತೇನು?"

ಊರ ಹಿರಿಯರು ಗುಡಿಕಟ್ಟೆಯ ಮೇಲೆ ಕೂತು ತ್ರಿಶೂಲ ಅಳಿಸಬೇಕೆಂದು ತೀರ್ಮಾನಿಸಿದರು. ಕೊಲ್ಲದಿದ್ದರೆ ಅವಳು ಮಹಿಷಮರ್ದಿನಿ ಹೇಗಾಗುತ್ತಾಳೆ ಎಂದು ಕೂಗಾಡಿದೆ. "ಮೊದಲ ಹಾಲು ಬರ್ಲಿ, ಆಮ್ಯಾಲ ನೋಡೋಣ್ರಿ" ಎಂದರು. ಗೊಣಗುತ್ತಲೇ ಅಳಿಸಿದೆ. ದೇವಿಯ ಖಾಲಿಯಾದ ಕೈ ನೋಡಿ ಮುದುಕಿ, "ಹಗ್ಗ ಕೊಡು ತಮ್ಮಾ, ಎಮ್ಮಿ ತಪ್ಪಿಸ್ಕೊಂಡು ಹೋಗಬಾರ್ದು" ಎಂದಳು. ದೇವಿಗೆ ಪಾಶ ಶಾಸ್ತ್ರದಲ್ಲೇ ಉಂಟು ಎಂದು ಪೂಜಾರಿಯೂ ಠಸ್ಸೆ ಒತ್ತಿದ. ಆ ಕೈಗೆ ಹಗ್ಗ ಬರೆದೆ.

ಮರುದಿನ ಹಾಲು ಬಂತು. ಎಣ್ಣೆಬಣ್ಣ ನಾರುವ ಕೈಯಿಂದ ಎಮ್ಮೆಯ ಮೂತಿ ಹಿಡಿದು ಅಳತೆ ನೋಡಿದ್ದೆ, ಬೆದರಿರಬೇಕು ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದೋಲಾ, ಮಣ್ಣೂರಿನಿಂದಲೂ "ಎಮ್ಮಿ ಹಿಡಿದ ತಾಯಿ"ಯನ್ನು ಬರೆಯಲು ಕರೆ ಬಂತು. ಮಹಿಷನನ್ನು ಕೊಲ್ಲುವ ಭಾಗ್ಯ ನನಗೆ ಇವತ್ತಿಗೂ ಸಿಕ್ಕಿಲ್ಲ.

ಹೋದ ವರ್ಷ ಆ ಎಮ್ಮೆ ಸತ್ತ ಸುದ್ದಿ ಕೇಳಿ ಸಂಕಟವಾಯಿತು, ಮುದುಕಿಯನ್ನು ಮಾತಾಡಿಸಲು ಹೋದೆ. ಅವಳು ಗುಡಿಯ ಗೋಡೆಯ ಮುಂದೆ ಒಂದು ಹಿಡಿ ಹಸಿ ಮೇವು ಹಾಕುತ್ತಿದ್ದಳು.

"ಬಣ್ಣ ಮಾಸ್ಯಾದ ತಮ್ಮಾ," ಎಂದಳು. "ಹಗ್ಗ ಒಂದೀಟು ಗಟ್ಟಿ ಮಾಡು."