ತೊಂಬತ್ತೇಳರ ಶೇಷ

‘ಗೊತ್ತಿಲ್ಲ’ ಎಂಬ ಮೂರಕ್ಷರ ಗಣಿತದ ಮಾಸ್ತರರ ಗಂಟಲು ದಾಟುವುದು ಬಲು ಕಷ್ಟ. ತೊಂಬತ್ತರ ದಶಕದಲ್ಲಿ ಧಾರವಾಡದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು 1,00,007 ಅವಿಭಾಜ್ಯ ಸಂಖ್ಯೆಯೇ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೌದು ಎಂದುಬಿಟ್ಟೆ. ಅದರ ಮುಖವೂ ಹಾಗೇ ಇತ್ತು: ಸಮವಲ್ಲ, ಐದರ ಹಂಗಿಲ್ಲ, ಅಂಕಿಗಳನ್ನು ಕೂಡಿದರೆ ಎಂಟು, ಆದ್ದರಿಂದ ಮೂರರ ಕಾಟವೂ ಇಲ್ಲ. ಬಲು ಸಂಭಾವಿತ ಸಂಖ್ಯೆ.

“ಹೆಂಗ ಗೊತ್ತಾತ್ರಿ ಸರ?” ಎಂದಳು.

ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಸಾಧಿಸಿಯೇ ತೋರಿಸುತ್ತೇನೆ ಎಂದೆ. ಕ್ಯಾಲ್ಕ್ಯುಲೇಟರ್ ಮುಟ್ಟಿದರೆ ಮಾಸ್ತರಿಕೆಗೇ ಮೈಲಿಗೆ ಎಂದೂ ಸೇರಿಸಿದೆ. ಮಾತು ಹೋಗಿತ್ತು, ಇನ್ನು ಮಾನ ಉಳಿಯಬೇಕಿತ್ತು.

ಅದರ ವರ್ಗಮೂಲದೊಳಗಿನ, ಅಂದರೆ ಮುನ್ನೂರ ಹದಿನಾರರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು; ಅವು ಅರವತ್ತೈದು. ದಿನಕ್ಕೊಂದರಂತೆ, ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಳಗಿನ ತಿರುಗಾಟದ ಹೊತ್ತಿಗೆ, ಕಾಗದವಿಲ್ಲದೆ ಭಾಗಿಸುವುದೆಂದು ನೇಮ ಹಿಡಿದೆ. ಜೊತೆಗೆ ಬರುತ್ತಿದ್ದವರು ಮೋಟಾರು ಕಾಯಿಲ್ ಸುತ್ತುವ ದಸ್ತಗೀರ ಸಾಹೇಬರು. ಊರಿನ ಸುದ್ದಿಯೆಲ್ಲ ಮಾತಾಡುತ್ತಲೂ ತಂತಿಯ ಸುತ್ತು ತಪ್ಪದವರು. ಬಾಯಿಲೆಕ್ಕ ಅವರಿಂದಲೇ ಕಲಿತ ಹಟ. ಕೆಮ್ಮು ಬರಲಿ, ಮಳೆ ಬರಲಿ, ನಾನು ಒಂದು ದಿನವೂ ತಪ್ಪಿಸಲಿಲ್ಲ. ಆಯಾ ದಿನದ ಶೇಷವನ್ನು ಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದೆ; ನಲವತ್ತು ಮಕ್ಕಳೂ ಭಕ್ತಿಯಿಂದ ಬರೆದುಕೊಳ್ಳುತ್ತಿದ್ದರು.

ಅರವತ್ತೈದನೆಯ ಬೆಳಗು ಕೊನೆಯ ಭಾಜಕವೂ ಸೋತಿತು. ಗೆದ್ದ ಉಮೇದಿನಲ್ಲಿ ಎಲ್ಲ ಶೇಷಗಳನ್ನೂ ಸಾಹೇಬರಿಗೆ ಒಪ್ಪಿಸತೊಡಗಿದೆ. ಏಳಕ್ಕೆ ಐದು, ಹನ್ನೊಂದಕ್ಕೆ ಆರು, ಹದಿಮೂರಕ್ಕೆ ಹನ್ನೊಂದು ಎಂದು ಸಾಗಿ, ತೊಂಬತ್ತೇಳಕ್ಕೆ ತೊಂಬತ್ತೇಳು ಎಂದೆ. ಸಾಹೇಬರು ನಿಂತರು.

“ಮಾಸ್ತರ, ತೊಂಬತ್ತೇಳರ್ಲೆ ಭಾಗಿಸಿದ್ರ ತೊಂಬತ್ತೇಳು ಹೆಂಗ ಉಳೀತದರಿ? ಇನ್ನೊಂದು ಸುತ್ತು ಆಗ್ತದಲ್ರಿ.”

ಅಲ್ಲೇ ನಿಂತು ಮತ್ತೆ ಭಾಗಿಸಿದೆ. ಸಾವಿರ ಸಲ ಹೋಗಿ 3,007 ಉಳಿದಿತ್ತು; ಅದರಲ್ಲಿ ಮೂವತ್ತು ಸಲ ಕಳೆದು, ಉಳಿದ ತೊಂಬತ್ತೇಳನ್ನು ಶೇಷವೆಂದು ಎತ್ತಿಕೊಂಡು ಮನೆಗೆ ನಡೆದಿದ್ದೆ. ನನ್ನ ಸಂಭಾವಿತ ಸಂಖ್ಯೆ 97 ಮತ್ತು 1,031ರ ಗುಣಲಬ್ಧ! ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೆ ಸಮನಾದರೆ ಪರಿಪೂರ್ಣ ಸಂಖ್ಯೆ, ಕಡಿಮೆಯಾದರೆ ನ್ಯೂನ ಎಂದು ನಾವು ಮಾಸ್ತರರು ಸಂಖ್ಯೆಗಳ ಜಾತಕ ಬರೆಯುತ್ತೇವೆ. ಇದರದು ಬರೀ 1,129, ನ್ಯೂನ. ಆ ಬೆಳಗು ನನ್ನ ಜಾತಕವೂ ಅದೇ.

ಸುಮ್ಮನಿರಬಹುದಿತ್ತು. ನಲವತ್ತು ದಿನ ಆ ಶೇಷ ಹಲಗೆಯ ಮೇಲಿದ್ದರೂ ಯಾರೂ ಕೇಳಿರಲಿಲ್ಲ. ಬಹಳ ನಾಚಿಕೆಯಾಗಿತ್ತು, ಆದರೂ ಮೊದಲ ಪಿರಿಯಡ್ಡಿಗೇ ಹೋಗಿ ಅದರ ಸುತ್ತ ಗೆರೆ ಎಳೆದೆ. ತಪ್ಪು ನನ್ನದು, ಆವತ್ತು ನನಗೆ ಗೊತ್ತಿರಲಿಲ್ಲ ಎಂದೆ. ಯಾರೂ ನಗಲಿಲ್ಲ. ಆ ಹುಡುಗಿ ವಹಿ ತೆರೆದು, ಉಳಿದ ಅರವತ್ತನಾಲ್ಕನ್ನೂ ಮೊದಲಿನಿಂದ ಭಾಗಿಸತೊಡಗಿದಳು. ಮರುದಿನದಿಂದ ಉಳಿದವರೂ ನಾನು ಬರೆದದ್ದನ್ನೆಲ್ಲ ತಾಳೆ ನೋಡತೊಡಗಿದರು. ಹದಿನೆಂಟು ವರ್ಷ ಸರಿ ಲೆಕ್ಕ ಮಾಡಿ ನಾನು ಕಲಿಸಲಾಗದೆ ಹೋದದ್ದು ಅದೊಂದೇ.