ನಿಂಗಮ್ಮನ ಹೆಸರಿನ ಬ್ಯಾಡ್ಜ್

ದೆವ್ವ ಕಂಡಿತು, ಸತ್ತವರು ಕರೆದರು, ಕನಸಿನಲ್ಲಿ ಕಂಡದ್ದು ಮರುದಿನವೇ ನಡೆಯಿತು ಎಂದು ಯಾರಾದರೂ ಹೇಳತೊಡಗಿದರೆ ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋಗುತ್ತಿದ್ದೆ. ಇಂಥ ಕಥೆ ಹೇಳುವವರಿಗೆ ಬೇರೇನೋ ಮುಚ್ಚಿಡುವುದಿರುತ್ತದೆ ಎಂಬುದು ನನ್ನ ಅನುಮಾನವಾಗಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ನನಗೂ ಮುಚ್ಚಿಡುವುದಿತ್ತು. ಅದನ್ನೂ ಸೇರಿಸಿಯೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ಶಹಾಪುರದಲ್ಲಿ ಕುರಿಗಾರರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಯುರೋಪಿನ ಒಂದು ಊರಿನಲ್ಲಿ ಕುರಿ, ಮೇಕೆ, ಒಂಟೆ ಸಾಕುವವರ ಸಮ್ಮೇಳನ ಏರ್ಪಾಡಾಗಿತ್ತು. ನಮ್ಮ ಕಡೆಯಿಂದ ದೇವಾಪುರದ ನಿಂಗಮ್ಮನನ್ನು ಕರೆದಿದ್ದರು. ಅರವತ್ತು ದಾಟಿದ ಹೆಂಗಸು. ಗಂಡ ತೀರಿಹೋದ ಮೇಲೆ ಹಿಂಡನ್ನು ತಾನೇ ನಡೆಸಿದವಳು. ಕಾಲುವೆ ನೀರು ಬಂದು ಸುತ್ತಲೂ ಭತ್ತ ಬೆಳೆಯತೊಡಗಿದ ಮೇಲೆ ಕುರಿ ನಡೆಯುವ ದಾರಿಗಳು ಒಂದೊಂದಾಗಿ ಹೇಗೆ ಮುಚ್ಚಿಹೋದವು ಎಂಬುದನ್ನು ಆಕೆಯಷ್ಟು ಚೆನ್ನಾಗಿ ಹೇಳಬಲ್ಲವರು ಇರಲಿಲ್ಲ. ಆಕೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುವುದಷ್ಟೇ ನನ್ನ ಕೆಲಸ.

ಹೊರದೇಶದಿಂದ ಬರುವವರಿಗೆಂದು ಸಮ್ಮೇಳನದವರು ಹನ್ನೆರಡು ಪುಟದ ಮಾಹಿತಿ ಕಳಿಸಿದ್ದರು. ವಿಮಾನ ಇಳಿದ ಮೇಲೆ ಯಾವ ರೈಲು, ಎಲ್ಲಿ ಟ್ರಾಮ್ ಹತ್ತಬೇಕು, ಟಿಕೆಟ್ಟನ್ನು ಯಾವ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು, ಎಷ್ಟು ಚಳಿ, ಎಂಥ ಪ್ಲಗ್ಗು, ನೋಂದಣಿ ಮೇಜು ಎಲ್ಲಿ, ಎಲ್ಲ ಇತ್ತು. ಒಂದು ಮಧ್ಯಾಹ್ನ ದೇವಾಪುರದಲ್ಲಿ ಆಕೆಯ ಮನೆಯ ಮುಂದೆ ಕೂತು ಅದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿದೆ. ಆಕೆ ಉಣ್ಣೆ ನೂಲುತ್ತಲೇ ಕೇಳಿಸಿಕೊಂಡಳು.

"ಅಲ್ಲಿ ಕುಡಿಯಾಕ ನೀರು ಎಲ್ಲಿ ಸಿಗ್ತಾವ್ರಿ ಸರ?" ಎಂದಳು.

"ನಳದಾಗಿನ ನೀರೇ ಕುಡೀಬಹುದಂತ ಬರದಾರವ್ವ."

"ದಾರಿ ತಪ್ಪಿದ್ರ?"

ಇದ್ದಲ್ಲಿಯೇ ನಿಂತು ಈ ನಂಬರಿಗೆ ಫೋನ್ ಮಾಡಿ ಎಂದು ಬರೆದಿತ್ತು. ಅದನ್ನು ಹೇಳಿದಾಗ ಆಕೆ ನಕ್ಕುಬಿಟ್ಟಳು. "ನಿಂತಲ್ಲೇ ನಿಂತ್ರ ತೋಳ ಬಂದು ಕರಕೊಂಡು ಹೋಗ್ತದ ನೋಡ್ರಿ." ಆಮೇಲೆ ನಾನು ಓದಿದ್ದಷ್ಟನ್ನೂ, ಟ್ರಾಮಿನ ನಂಬರು ಸಮೇತ, ಒಂದೂ ಬಿಡದೆ ತಿರುಗಿ ಹೇಳಿದಳು. ಅಕ್ಷರ ಬಾರದವರ ನೆನಪು ಎಂಥದು ಎಂದು ಬೆರಗಾದೆ.

ವೀಸಾಕ್ಕೆಂದು ಯಾದಗಿರಿಯಿಂದ ರೈಲು ಹತ್ತಿ ಹೈದರಾಬಾದಿಗೆ ಹೋದೆವು. ಅಲ್ಲಿ ಬೆರಳಚ್ಚಿನ ಯಂತ್ರ ಆಕೆಯ ಒಂದು ಬೆರಳನ್ನೂ ತೆಗೆದುಕೊಳ್ಳಲಿಲ್ಲ. ಹಗ್ಗ ಎಳೆದು, ನೂಲು ತೆಗೆದು ಬೆರಳ ಗೆರೆಗಳೆಲ್ಲ ಸವೆದುಹೋಗಿದ್ದವು. "ರೇಷನ್ ಅಂಗಡ್ಯಾಗೂ ಹಿಂಗ ಆಗ್ತದ್ರಿ. ಈ ಮಷಿನ್ನಿಗೆ ನಾ ಇದ್ದೂ ಇಲ್ಲ," ಎಂದು ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ಕಿಟಕಿಯಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ ಹೇಳಿದಳು: ವೈದ್ಯರಿಂದ ಒಂದು ಪತ್ರ ತನ್ನಿ, ಇನ್ನೊಂದು ದಿನ ಬನ್ನಿ, ಆಗುತ್ತದೆ. ನನ್ನ ಹತ್ತೂ ಬೆರಳು ಒಂದೇ ಸಲಕ್ಕೆ ಮೂಡಿದವು.

ಮುಚ್ಚಿಟ್ಟದ್ದು ಇದು. ಆ ಪತ್ರ ಮಾಡಿಸಲು ಸುರಪುರದ ಆಸ್ಪತ್ರೆಯಲ್ಲಿ ಅರ್ಧ ದಿನ ಸಾಕಿತ್ತು. ನಾನು ಮಾಡಿಸಲಿಲ್ಲ. ಇವತ್ತು ನಾಳೆ ಎಂದೆ. ಆಕೆ ಎರಡು ಸಲ ಫೋನ್ ಮಾಡಿಸಿದಳು. "ನೋಡಾಕತ್ತೇನಿ ಯವ್ವಾ" ಎಂದೆ. ವೇದಿಕೆಯ ಮೇಲೆ ಒಬ್ಬನೇ ನಿಲ್ಲುವ ಆಸೆ ಯಾವಾಗ ಹುಟ್ಟಿತೋ ಗೊತ್ತಿಲ್ಲ, ಹುಟ್ಟಿದ್ದಂತೂ ನಿಜ. ಕೊನೆಗೆ ಒಂದು ಬೆಳಿಗ್ಗೆ ಕಚೇರಿಯಲ್ಲಿ ಯಾರೂ ಬರುವ ಮೊದಲು ಸಮ್ಮೇಳನದವರಿಗೆ ಇಂಗ್ಲಿಷಿನಲ್ಲಿ ಬರೆದೆ: ನಿಂಗಮ್ಮನಿಗೆ ಆರಾಮಿಲ್ಲ, ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ, ಅವರ ಪರವಾಗಿ ನಾನು ಬರುತ್ತೇನೆ. ಈ ಮಾತನ್ನು ಸಂಸ್ಥೆಯವರಿಗಾಗಲಿ ಹೆಂಡತಿಗಾಗಲಿ ಹೇಳಲಿಲ್ಲ. ನಿಂಗಮ್ಮನಿಗೆ ವೀಸಾ ಆಗಲಿಲ್ಲ ಎಂದೆ. "ಹೋಗ್ಲಿ ಬಿಡ್ರಿ," ಎಂದಳು.

ಆ ಊರನ್ನು ಮುಟ್ಟಿದ ಮರುದಿನ ಬೆಳಿಗ್ಗೆ, ಹನ್ನೆರಡು ಪುಟ ಕೈಯಲ್ಲಿದ್ದೂ, ಟ್ರಾಮನ್ನು ತಪ್ಪು ದಿಕ್ಕಿಗೆ ಹತ್ತಿದೆ. ಸಭಾಭವನಕ್ಕೆ ಬಂದಾಗ ತಡವಾಗಿತ್ತು. ನೋಂದಣಿ ಮೇಜಿನ ಯುವತಿಗೆ ಹೆಸರು ಹೇಳಿದೆ. ಅವಳು ನನ್ನ ಬ್ಯಾಡ್ಜ್ ಹುಡುಕಿ ಕೊಟ್ಟು ನಗುತ್ತ, ನಿಮ್ಮ ಜೊತೆಯವರು ಆಗಲೇ ಬಂದು ತಮ್ಮದನ್ನು ತೆಗೆದುಕೊಂಡು ಹೋದರು ಎಂದಳು. ಜೊತೆಯವರು ಯಾರೂ ಇಲ್ಲವಲ್ಲ ಎಂದೆ. ಅವಳು ಹಾಜರಿ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಇನ್ನೂ ತೆಗೆಯದೆ ಉಳಿದಿದ್ದ ನಿಂಗಮ್ಮನ ಹೆಸರಿನ ಮುಂದೆ, ಉಳಿದವರೆಲ್ಲ ಸಹಿ ಮಾಡಿದ ಜಾಗದಲ್ಲಿ, ಒಂದು ಹೆಬ್ಬೆಟ್ಟು ಇತ್ತು. ಬಗ್ಗಿ ನೋಡಿದೆ. ಅದರಲ್ಲಿ ಗೆರೆಗಳೇ ಇರಲಿಲ್ಲ. ನೀಲಿ ಶಾಯಿಯ ಒಂದು ನುಣುಪಾದ ಕಲೆ.

ನನ್ನ ಮುಖ ನೋಡಿ ಅವಳಿಗೆ ಗಾಬರಿಯಾಯಿತೇನೋ, ತಾನಾಗಿಯೇ ವಿವರಿಸಿದಳು. ವಯಸ್ಸಾದವರು, ಹೆಗಲ ಮೇಲೆ ಕಪ್ಪು ಕಂಬಳಿ. ಪೆನ್ನು ಕೊಟ್ಟರೆ ಬೇಡವೆಂದು ಮುದ್ರೆಯ ಪ್ಯಾಡಿಗೆ ಬೆರಳು ಒತ್ತಿದರು. ಅವರ ಮಾತು ತನಗೆ ತಿಳಿಯಲಿಲ್ಲ, ಕೈಯನ್ನು ಬೊಗಸೆ ಮಾಡಿ ಬಾಯಿಗೆ ಹಿಡಿದರು, ತಾನು ನಳ ತೋರಿಸಿದೆ ಎಂದಳು. ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಅರ್ಧ ಗಂಟೆ ಎಂದಳು.

ಇಡೀ ಭವನ ಹುಡುಕಿದೆ. ಎರಡು ಮಹಡಿ, ಊಟದ ಕೋಣೆ, ಹೊರಗಿನ ಹುಲ್ಲುಹಾಸು. ಹೆಂಗಸರ ಶೌಚಾಲಯದ ಬಾಗಿಲ ಹತ್ತಿರ ನಿಂತು "ಯವ್ವಾ" ಎಂದು ಕೂಗಿದೆ. ಒಳಗಿಂದ ಬಂದ ಇಬ್ಬರು ನನ್ನಿಂದ ದೂರ ಸರಿದು ನಡೆದುಹೋದರು. ಮಧ್ಯಾಹ್ನ ನನ್ನ ಸರದಿ ಬಂತು. ಆಕೆಯ ಮಾತುಗಳನ್ನೇ ಹೇಳಿದೆ, ಆದರೆ ತಲೆಯೆತ್ತಿ ಸಭೆಯನ್ನು ನೋಡುವ ಧೈರ್ಯ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಕಪ್ಪು ಉಣ್ಣೆ ಹೊದ್ದವರು ಯಾರೋ ಕೂತಿದ್ದರು ಎಂದು ಈಗಲೂ ಅನಿಸುತ್ತದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಆಮೇಲೆ ಸಂಘಟಕರಲ್ಲೊಬ್ಬರು ಬಂದು, ಅವರಿಗೆ ಆರಾಮಿಲ್ಲ ಎಂದು ಬರೆದಿದ್ದಿರಿ, ಬಂದಿದ್ದಾರಂತಲ್ಲ, ಯಾಕೆ ಮಾತಾಡಿಸಲಿಲ್ಲ ಎಂದರು. ಏನೋ ತೊದಲಿದೆ. ಉಳಿದ ಎರಡು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಊರಿಗೆ ಬಂದು ವಾರವಾದ ಮೇಲೆ ದೇವಾಪುರಕ್ಕೆ ಹೋದೆ. ಆಕೆ ಹಿಂಡಿನ ನಡುವೆ ನಿಂತು ಒಂದು ಮರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದಳು. ಸೊಸೆಯನ್ನು ಬದಿಗೆ ಕರೆದು, ಆ ದಿನ ನಿಮ್ಮ ಅತ್ತೆ ಎಲ್ಲಿದ್ದರು ಎಂದು ಕೇಳಿದೆ. "ಎಲ್ಲಿಗಿ ಹೋಗ್ತಾಳ್ರಿ? ಕುರಿ ಹಿಂದ ಇದ್ಳು. ದಿನಾ ಇದ್ದಂಗ," ಎಂದಳು.

ನಿಂಗಮ್ಮ ಮರಿಯನ್ನು ಬಿಟ್ಟು ನನ್ನ ಹತ್ತಿರ ಬಂದಳು. ಊರು ಹೇಗಿತ್ತು, ಚಳಿ ಎಷ್ಟಿತ್ತು, ಒಂದನ್ನೂ ಕೇಳಲಿಲ್ಲ. ನನ್ನನ್ನೇ ನೋಡುತ್ತ ನಿಂತಳು.

"ನನಗ ಆರಾಮಿಲ್ಲಂತ ಬರದ್ರ್ಯಂತಲ್ರಿ ಸರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಆರಾಮ ಅದೇನಿ ನೋಡ್ರಿ."

ಯಾರು ಹೇಳಿದರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸೊಸೆ ತಂದ ಚಹಾ ಕುಡಿಯದೆ ಬಸ್ಸು ಹಿಡಿದೆ.

ನನ್ನ ಒಬ್ಬ ಗೆಳೆಯ ಇದಕ್ಕೆಲ್ಲ ಉತ್ತರ ಕೊಡುತ್ತಾನೆ. ಕುರಿಗಾರರ ಸಮ್ಮೇಳನದಲ್ಲಿ ಕಪ್ಪು ಕಂಬಳಿ ಹೊದ್ದ ಮುದುಕಿಯರು ಹತ್ತು ದೇಶದವರು ಇದ್ದಿರಬೇಕು, ಅವರ ಕೈಯೂ ಸವೆದಿರಬೇಕು, ಯಾರೋ ತಪ್ಪು ಬ್ಯಾಡ್ಜ್ ತೆಗೆದುಕೊಂಡರು, ಅಷ್ಟೇ. ಸರಿ ಎನ್ನುತ್ತೇನೆ. ಆದರೆ ನಾನು ಬರೆದ ಆ ನಾಲ್ಕು ಸಾಲು ದೇವಾಪುರಕ್ಕೆ ಹೇಗೆ ಮುಟ್ಟಿತು ಎಂದರೆ ಅವನೂ ಮಾತು ಬದಲಿಸುತ್ತಾನೆ.

ನಿಂಗಮ್ಮ ಇನ್ನೂ ಇದ್ದಾಳೆ, ಹಿಂಡಿನ ಹಿಂದೆ ಈಗಲೂ ನಡೆಯುತ್ತಾಳಂತೆ. ಶಹಾಪುರದ ನನ್ನ ಮನೆಯಿಂದ ಹೆಚ್ಚೆಂದರೆ ಒಂದು ತಾಸಿನ ದಾರಿ. ಹೋಗಿ ಕೇಳಿದರೆ ಆಕೆ ಹೇಳಿಯೇ ಹೇಳುತ್ತಾಳೆ, ಮುಚ್ಚಿಡುವ ಜಾತಿಯವಳಲ್ಲ. ಐದು ವರ್ಷವಾಯಿತು. ನಾನು ಹೋಗಿಲ್ಲ.