ಯಂತ್ರ ಕೀಳಿಸಿ ಜೀವ ಉಳಿಸಿದವರು

ಶಾಲೆಗೆ ಹೋಗುವ ವಯಸ್ಸಿನಲ್ಲೇ ನನಗೆ ಸಕ್ಕರೆ ಕಾಯಿಲೆ ಬಂತು. ತಿಂದು ಬಂದದ್ದಲ್ಲ, ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುವ ಟೈಪ್ ಒನ್. ಮದುವೆಯಾದಾಗಿನಿಂದ ಇದನ್ನು ಗಂಡನ ಮನೆಯವರಿಗೆ ಹೇಳುತ್ತಲೇ ಇದ್ದೇನೆ. ಆದರೆ ಭಾವನ ಪ್ರಕಾರ, ಅಂದರೆ ಗಂಡನ ಅಣ್ಣನ ಪ್ರಕಾರ, ಅದು ನಾನು ಚಿಕ್ಕಂದಿನಲ್ಲಿ ಕದ್ದು ತಿಂದ ಬೆಲ್ಲದ ಫಲ. ಅವರು ಕೊಬ್ಬರಿ ವ್ಯಾಪಾರಿ. ಮಂಡಿಯಲ್ಲಿ ನಾಲ್ಕು ಜನ ಅವರ ಮಾತು ಕೇಳುತ್ತಾರೆ. ಆದ್ದರಿಂದ ವೈದ್ಯಶಾಸ್ತ್ರವೂ ಕೇಳಬೇಕೆಂದು ಅವರ ನಂಬಿಕೆ.

ವರ್ಷಗಟ್ಟಲೆ ಚುಚ್ಚಿಕೊಂಡು ಸಾಕಾಗಿ ಇತ್ತೀಚೆಗೆ ಪಂಪ್ ಹಾಕಿಸಿಕೊಂಡೆ. ತೋಳಿಗೆ ಅಂಟಿಸಿದ ಬಿಲ್ಲೆ ಸಕ್ಕರೆ ಅಳೆದು ಫೋನಿನಲ್ಲಿ ತೋರಿಸುತ್ತದೆ. ಸೊಂಟದ ಪುಟ್ಟ ಡಬ್ಬಿ ಅದನ್ನು ನೋಡಿಕೊಂಡು ತೆಳ್ಳನೆಯ ನಳಿಕೆಯಲ್ಲಿ ಹೊಟ್ಟೆಗೆ ತಾನೇ ಇನ್ಸುಲಿನ್ ಬಿಡುತ್ತಿರುತ್ತದೆ. ಹೆದರದೆ ಮಲಗಿ ಹಗುರಾಗಿ ಏಳುವುದು ಹೇಗಿರುತ್ತದೆಂದು ನನಗೆ ಗೊತ್ತಾದದ್ದೇ ಆಮೇಲೆ.

ಭಾವ ಮಾತ್ರ, "ಮೈಗೆ ಕರೆಂಟು ಕಟ್ಕಂಡು ಓಡಾಡ್ತಾರೇನಮ್ಮ? ಎದೆ ಕೆಡ್ತೈತೆ, ನೋಡ್ತಿರು" ಎಂದಿದ್ದರು.

ಈ ಬೇಸಿಗೆಯಲ್ಲಿ ಬಿಳಿಗೆರೆಯ ಅವರ ಮನೆಗೆ ಹೋಗಿದ್ದೆವು. ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಹಾಕಿದ್ದ ಕಾಯಿಗಳನ್ನು ನೋಡಿ ಬರಲು ಭಾವನ ಹೆಂಡತಿ ಏಣಿ ಹತ್ತಿದರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಹಿಂದೆಯೇ ನಾನೂ ಹತ್ತಿದೆ. ಮೇಲೆ ಹೋಗುವಷ್ಟರಲ್ಲಿ ಉಸಿರು ಸಾಲದಾಯಿತು. ದವಡೆ ಹಿಡಿದುಕೊಂಡಿತು, ಬೆನ್ನೆಲ್ಲ ತಣ್ಣನೆಯ ಬೆವರು. ಸಕ್ಕರೆ ಇಳಿಯಿತೇನೋ ಎಂದು ಫೋನ್ ನೋಡಿದೆ, ಸರಿಯಾಗಿಯೇ ಇತ್ತು. ನಿಜವಾಗಿ ಹೆದರಿದ್ದು ಆಗ.

ಕೆಳಗಿಳಿಸಿ ಚಾಪೆಯ ಮೇಲೆ ಮಲಗಿಸಿದರು. "ಇದು ಹಾರ್ಟಿಂದೇ ಕಣ್ರೀ, ಆಸ್ಪತ್ರೆಗೆ ಹೋಗೋಣ" ಎಂದು ಗಂಡನಿಗೆ ಹೇಳಿದೆ.

"ಹಾರ್ಟೂ ಇಲ್ಲ ಗೀರ್ಟೂ ಇಲ್ಲ. ಆ ಮಿಷನ್ನೇ ಎದೆಗೆ ಹೊಡೀತಿರೋದು. ಮೊದ್ಲು ಕಿತ್ತಾಕೇ ಅದನ್ನ!" ಭಾವ ತಮ್ಮ ಹೆಂಡತಿಗೆ ಕೂಗಿದರು.

"ಬೇಡ ಕಣಕ್ಕ, ಅದು ನಿಂತ್ರೆ ಮೈಯಲ್ಲಿ ಇನ್ಸುಲಿನ್ನೇ ಇರಲ್ಲ" ಎಂದೆ. ಅಕ್ಕ ನನ್ನ ಮುಖ ನೋಡಿದರು, ತಮ್ಮ ಗಂಡನ ಮುಖ ನೋಡಿದರು, ಪ್ಲಾಸ್ಟರ್ ಸಮೇತ ಕಿತ್ತರು. ಕಾಲೇಜಿನಲ್ಲಿ ವಿಜ್ಞಾನ ಪಾಠ ಮಾಡುವ ನನ್ನ ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು.

ಆಮೇಲಷ್ಟೇ ಆಸ್ಪತ್ರೆಗೆ ಹೊರಟೆವು. ಕಾರು ಓಡಿಸಲು ಭಾವನೇ ಕೂತರು, ಪಂಪನ್ನು ಕಳ್ಳನನ್ನು ಹಿಡಿದವರಂತೆ ಜೇಬಿಗಿಟ್ಟುಕೊಂಡು. ಕಿಬ್ಬನಹಳ್ಳಿಯಲ್ಲಿ ಕಾರು ನಿಲ್ಲಿಸಿದರು. ಮಿಷನ್ ಕಿತ್ತರೂ ನಾನು ಏದುಸಿರು ಬಿಡುತ್ತಿದ್ದೆನಲ್ಲ, ಅವರಿಗೆ ಹೊಸ ಜ್ಞಾನೋದಯವಾಗಿತ್ತು.

"ಗ್ಯಾಸೂ ಇರಬೌದು. ಒಂದು ಸೋಡಾ ಕುಡಿಯಮ್ಮ, ತೇಗು ಬಂದ್ರೆ ಹಗುರಾಯ್ತೈತೆ."

"ನಿಮ್ಮ ಸೋಡಾ ನೀವೇ ಕುಡೀರಿ, ಕಾರು ಬಿಡಿ" ಎಂದೆ. ಕಾಸು ಕೊಟ್ಟಾಗಿತ್ತಲ್ಲ, ಕುಡಿದೇ ಹತ್ತಿದರು.

ತುಮಕೂರಿನ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದೊಡನೆ ಒಳಗೆ ಕರೆದೊಯ್ದರು. ಹೃದಯದ ರಕ್ತನಾಳವೊಂದು ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದರು. ಅಷ್ಟರಲ್ಲಿ ಇನ್ಸುಲಿನ್ ಇಲ್ಲದೆ ಸಕ್ಕರೆ ವಿಪರೀತ ಏರಿತ್ತು. ಅದನ್ನು ಇಳಿಸುವುದು ಇನ್ನೊಂದು ಪಾಡಾಯಿತು.

"ಪಂಪ್ ತೆಗೆದವರು ಯಾರು?" ಡಾಕ್ಟರಮ್ಮ ಕೇಳಿದರು. ಭಾವ ಹೆಮ್ಮೆಯಿಂದ ಮುಂದೆ ಬಂದರು. ಬೈಸಿಕೊಂಡು ಹಿಂದೆ ಹೋದರು.

ಆಮೇಲೆ ಆಕೆ ನನಗೆ ಹೇಳಿದರು: "ಚಿಕ್ಕಂದಿನಿಂದ ಏರಿಳಿದ ಸಕ್ಕರೆ ಮಾಡಿದ್ದು ಇದು. ಪಂಪ್ ಬಂದದ್ದು ಒಳ್ಳೆಯದೇ ಆಯ್ತು. ಆದ್ರೆ ಅದು ನೋಡ್ಕೊಳ್ಳೋದು ಸಕ್ಕರೆಯನ್ನ ಮಾತ್ರ. ಬಿಪಿ, ಕೊಲೆಸ್ಟ್ರಾಲ್ ನೀವೇ ನೋಡ್ಕೋಬೇಕು."

ವಾರ್ಡಿಗೆ ನೆಂಟರು ಬರತೊಡಗಿದರು. ಬಂದವರಿಗೆಲ್ಲ ಭಾವ, "ಟೈಮಿಗೆ ಸರ್ಯಾಗಿ ಮಿಷನ್ ಕೀಳಿಸ್ದೆ. ಇಲ್ದಿದ್ರೆ ಜೀವ ಹೋಗ್ಬುಡ್ತಿತ್ತು" ಎಂದು ಹೇಳಿದರು. ಎಲ್ಲರೂ ತಲೆದೂಗಿದರು. ಹಣ್ಣು ನನಗೆ ತಂದಿದ್ದರು, ಹೊಗಳಿಕೆ ಅವರಿಗೆ.

ಪಂಪ್ ಮತ್ತೆ ಸೊಂಟಕ್ಕೆ ಬಂದಿದೆ, ಜೊತೆಗೆ ಹೃದಯದ ಮಾತ್ರೆಗಳೂ. ನಳಿಕೆ ಬದಲಿಸುವುದನ್ನು ಗಂಡನಿಗೆ ಕಲಿಸಿದ್ದೇನೆ. ವಿಜ್ಞಾನದ ಮೇಷ್ಟರು ಇನ್ನೂ ಪ್ರತಿ ಸಲ ಪುಸ್ತಕ ನೋಡಿಕೊಂಡೇ ಮಾಡುತ್ತಾರೆ.

ಹೋದ ವಾರ ಅಕ್ಕ ಚಿಕ್ಕನಾಯಕನಹಳ್ಳಿಯ ನಮ್ಮ ಮನೆಗೆ ಒಬ್ಬರೇ ಬಂದರು. ಕ್ಷಮೆ ಕೇಳಲು ಬಂದಿರಬೇಕೆಂದು ಮುಖ ಬಿಗಿದುಕೊಂಡೇ ಕಾಫಿ ಕೊಟ್ಟೆ. ಲೋಟ ಕೈಯಲ್ಲೇ ಹಿಡಿದುಕೊಂಡು ಕೂತರು.

"ಕೊಟ್ಟಿಗೆ ಗುಡಿಸೋವಾಗ ನಂಗೂ ಉಸ್ರು ಕಟ್ತೈತೆ ಕಣೇ" ಎಂದರು. "ಇವರಿಗೆ ಹೇಳಿದ್ರೆ ಗ್ಯಾಸು ಅಂತಾರೆ."

ನನ್ನ ಬಿಗುಮಾನವೆಲ್ಲ ಎಲ್ಲಿ ಹೋಯಿತೋ. ಮರುದಿನ ಇಬ್ಬರೂ ತುಮಕೂರಿನ ಬಸ್ಸು ಹತ್ತಿದೆವು. ಭಾವನ ಅಪ್ಪಣೆ ಕೇಳಲಿಲ್ಲ.